ಎಚ್ಚರವಿದ್ದ ಪೆಟ್ಟಿಗೆ

ರಾಯಚೂರು
12 ಜನವರಿ 2025

ಪ್ರಿಯದರ್ಶಿನಿ,

ಕಾಗದ ನೋಡಿ ಗಾಬರಿಯಾಗಬೇಡ. ಎಲ್ಲರೂ ಆರೋಗ್ಯವಾಗಿದ್ದಾರೆ, ಸಿಟ್ಟೊಂದು ಮಾತ್ರ ನನಗೆ ಇಳಿದಿಲ್ಲ. ಫೋನಿನಲ್ಲಾದರೆ ನಾನು ಕೂಗುತ್ತೇನೆ, ನೀನು "ಆಮ್ಯಾಲೆ ಮಾಡ್ತೀನಿ ಕಾಕಾ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ನಡುವೆ ಕತ್ತರಿಸಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಭಾನುವಾರ ದೇವದುರ್ಗದಲ್ಲಿ ನನ್ನ ಅಕ್ಕ, ನಿನ್ನ ಅತ್ತೆ ಕರೆಮ್ಮ, ಎಪ್ಪತ್ತಾರನೆಯ ವಯಸ್ಸಿನಲ್ಲಿ ಬೆಳಗಿನಿಂದ ಊಟದ ತನಕ ಒಂದೇ ಆಸನದಲ್ಲಿ ಕುಳಿತು ನಮ್ಮ ಮನೆಯ ಹಾಡನ್ನು ಹಾಡಿದಳು. ಹುತ್ತದಿಂದ ಕುರಿ ಹೊರಬಂದ ಕಥೆಯಿಂದ ಹಿಡಿದು, ಹನ್ನೊಂದು ಸಂದುಗಳಲ್ಲಿ, ಅಂದರೆ ಹನ್ನೊಂದು ಅಧ್ಯಾಯಗಳಲ್ಲಿ, ಅಂದು ನಾಲ್ಕು ಮುಗಿದವು. ನನ್ನ ತಾಯಿ ದುರುಗಮ್ಮನಿಂದ ಅವಳಿಗೆ ಬಂದದ್ದು. ಅದನ್ನು ಪೂರ್ತಿ ಬಲ್ಲವರು ಇಂದು ಅವಳೊಬ್ಬಳೇ. ಡೊಳ್ಳು ಬಾರಿಸುವ ಅವಳ ಮಗ ಅಮೋಘಸಿದ್ದನಿಗೂ ಪಲ್ಲವಿ ಬಿಟ್ಟರೆ ಮುಂದಿನದು ಬಾರದು. ನೀನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಅಂಥ ಹಾಡು ನಿನ್ನ ಕಂಪ್ಯೂಟರಿನ ಹೊಟ್ಟೆಗೆ ಹೋಗಿ ಕರಗಿತು!

1974ರಲ್ಲಿ ದೊಡ್ಡ ಊರಿನ ಸಂಶೋಧಕನೊಬ್ಬ ಸುರುಳಿ ಟೇಪಿನ ಯಂತ್ರ ಹೊತ್ತು ಬಂದಿದ್ದ. ನಾನಾಗ ಹದಿನೇಳರವನು. ಅವನ ಮೈಕನ್ನು ಕೈನೋಯುವ ತನಕ ಹಿಡಿದು ನಿಂತವನು ನಾನೇ. ಅವ್ವನ ದನಿಯನ್ನು ಕೊಂಡೊಯ್ದವನು "ಪ್ರತಿ ಕಳಿಸುತ್ತೇನೆ" ಎಂದ. ಐವತ್ತು ವರ್ಷದಲ್ಲಿ ಹದಿಮೂರು ಪತ್ರ ಬರೆದೆ, ಒಂದಕ್ಕೂ ಉತ್ತರವಿಲ್ಲ. ಹೊರಗಿನವನು ಹಾಗೆ ಮಾಡಿದರೆ ಒಂದು ಬಗೆಯ ನೋವು. ಮನೆಯ ಮಗಳ ಕೈಯಲ್ಲಿ ಹೀಗಾದರೆ?

ನಮ್ಮ ಕಡೆಯಿಂದ ಒಂದು ಶಿಸ್ತೂ ತಪ್ಪಲಿಲ್ಲ. ಹಾಡುವವರು ಊಟಕ್ಕೆ ಎದ್ದರೆ ವಾದ್ಯಗಳನ್ನು ಮಲಗಿಸಬೇಕು, ಎಚ್ಚರವಿರುವ ವಾದ್ಯದ ಮುಂದೆ ಹಾಡುಗಾರರು ಅನ್ನ ಮುಟ್ಟುವುದಿಲ್ಲ ಎಂಬುದು ನಮ್ಮ ಮನೆತನದ ಕಟ್ಟಳೆ. ಅಂದು ಡೊಳ್ಳು, ತಾಳ, ಒಂದನ್ನೂ ಬಿಡದೆ ಮಲಗಿಸಿಯೇ ಅಕ್ಕನನ್ನು ಊಟಕ್ಕೆ ಕೂಡಿಸಿದೆವು. ಮನುಷ್ಯರು ಇಷ್ಟು ನೇಮದಿಂದಿರುವಾಗ ಯಂತ್ರಕ್ಕೇನು ಧಾಡಿ?

ಇದು ಕರೆಂಟಿನವರ ಕೆಲಸವೇ ಎಂದು ನನಗೆ ಖಾತ್ರಿ. ನಾಡಿಗೆಲ್ಲ ಬೆಳಕು ಕೊಡಲು ಇಲ್ಲಿ ಕಲ್ಲಿದ್ದಲು ಉರಿಯುತ್ತದೆ, ಬೂದಿ ನಮ್ಮ ಪಾಲಿಗೆ. "ಹಾಡು ನುಂಗಿದ ಕರೆಂಟು" ಎಂಬ ನನ್ನ ಪತ್ರ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ. ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ.

ಆದರೆ ಕೇಳು. ಅಕ್ಕ ಮತ್ತೆ ಹಾಡುವುದಿಲ್ಲ ಎಂದುಬಿಟ್ಟಿದ್ದಾಳೆ. "ಹಾಡಿದ್ದು ನಿಲ್ಲಲಿಲ್ಲ ಅಂದ್ರ ದೇವರು ಒಲ್ಲೆ ಅಂದ ಅಂತನs ಅರ್ಥ. ಒಲ್ಲೆ ಅಂದಿದ್ದು ಎರಡನೇ ಸಲ ನೀಡಬಾರದು" ಎನ್ನುತ್ತಾಳೆ. ಮಾರ್ಚ್ ಹತ್ತಕ್ಕೆ ಅವಳ ಮೇಲಿನ ಹಲ್ಲುಗಳನ್ನೆಲ್ಲ ಕೀಳಿಸಬೇಕು. ಆಮೇಲೆ 'ಸಿದ್ಧ' ಎಂಬ ಮಾತೇ ಅವಳ ಬಾಯಿಂದ ಸರಿಯಾಗಿ ಹೊರಡುವುದಿಲ್ಲ. ಏನು ಮಾಡುತ್ತೀ ಹೇಳು.

ಸಿಟ್ಟಿನಲ್ಲಿರುವ,
ಕನಕರಾಯ ಕಾಕಾ


ಮಾನ್ವಿ
21 ಜನವರಿ 2025

ಕಾಕಾ, ನಮಸ್ಕಾರ.

ನಿಮ್ಮ ಕಾಗದ ಓದಿದೆ, ಪತ್ರಿಕೆಯ ಚೂರನ್ನೂ ಓದಿದೆ. ತಲೆಬರಹ ಚೆನ್ನಾಗಿದೆ. ವಿಷಯ ಮಾತ್ರ ಹಾಗಿಲ್ಲ.

ಅಂದು ದೇವದುರ್ಗದಲ್ಲಿ ಕರೆಂಟು ಹೋಗಿರಲಿಲ್ಲ. ನಿಮ್ಮ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಟವೆಲ್ಲು ಹಾರುತ್ತದೆಂದು ನೀವೇ ಅದನ್ನು ಸಣ್ಣಗೆ ಮಾಡಿಸಿದಿರಿ. ಅಲ್ಲದೆ ನನ್ನ ಲ್ಯಾಪ್‌ಟಾಪ್‌ಗೆ ಅದರದೇ ಬ್ಯಾಟರಿ ಇದೆ.

ಮೈಕಿಗೂ ಕಂಪ್ಯೂಟರಿಗೂ ನಡುವೆ ಒಂದು ಕೆಂಪು ಪೆಟ್ಟಿಗೆ ಇತ್ತಲ್ಲ, ಅದಕ್ಕೆ ಆಡಿಯೋ ಇಂಟರ್ಫೇಸ್ ಎನ್ನುತ್ತಾರೆ. ನಮ್ಮ ಮಾನ್ವಿಯಲ್ಲಿ ಎಲ್ಲರೂ ಸೌಂಡ್ ಕಾರ್ಡ್ ಎಂದೇ ಕರೆಯುವುದು. ಅತ್ತೆಯ ದನಿ ಮೈಕಿನಿಂದ ಅದರೊಳಗೆ ಹೋಗಿ, ಕಂಪ್ಯೂಟರಿಗೆ ತಿಳಿಯುವ ರೂಪಕ್ಕೆ ಬಂದು ದಾಟುತ್ತದೆ. ರೆಕಾರ್ಡಿಂಗ್ ನಡೆದಿರುವಾಗ ಕಂಪ್ಯೂಟರ್ ಆ ಪೆಟ್ಟಿಗೆಯನ್ನು ಕ್ಷಣಕ್ಕೆ ಸಾವಿರಾರು ಸಲ "ಮುಂದಿನದು ಕೊಡು" ಎಂದು ಕೇಳುತ್ತಲೇ ಇರುತ್ತದೆ. ನಡುವೆ ಪೆಟ್ಟಿಗೆಯನ್ನು ಬಂದ್ ಮಾಡಿದರೆ ಉತ್ತರ ಕೊಡುವವರಿಲ್ಲ. ಕೇಳುವುದು ಮಾತ್ರ ನಿಲ್ಲುವುದಿಲ್ಲ. ಆಮೇಲೆ ಪೆಟ್ಟಿಗೆ ಮತ್ತೆ ಚಾಲೂ ಆದರೆ, ಕಂಪ್ಯೂಟರ್ ಪಾಲಿಗೆ ಅದು ಹಳೆಯ ಪೆಟ್ಟಿಗೆಯಲ್ಲ, ಹೊಸದಾಗಿ ಬಾಗಿಲಿಗೆ ಬಂದದ್ದು. ಹಳೆಯದಕ್ಕೆ ಕಾಯಬೇಕೋ ಹೊಸದಕ್ಕೆ ಬಾಗಿಲು ತೆಗೆಯಬೇಕೋ ತಿಳಿಯದೆ ಅದು ಕುಸಿಯುತ್ತದೆ. ಬರೆಯುತ್ತಿದ್ದ ಫೈಲು ಅರ್ಧಕ್ಕೇ ಹರಿದು ಹೋಗುತ್ತದೆ.

ಕಂಪ್ಯೂಟರ್ ತನ್ನೊಳಗೆ ನಡೆದದ್ದನ್ನು ಗಂಟೆ ನಿಮಿಷದ ಸಮೇತ ಬರೆದಿಡುತ್ತದೆ. ಆ ಭಾನುವಾರ 12:52ಕ್ಕೆ ಪೆಟ್ಟಿಗೆ ಕಾಣೆಯಾಗಿದೆ. 1:31ಕ್ಕೆ ಮರಳಿದೆ. ಅದೇ ನಿಮಿಷದಲ್ಲಿ ಕಂಪ್ಯೂಟರ್ ಬಿದ್ದಿದೆ. ಆ ಹೊತ್ತಿನಲ್ಲಿ ನಾನು ಅಡುಗೆಮನೆಯಲ್ಲಿ ಎಲ್ಲರಿಗೂ ರೊಟ್ಟಿ ಬಡಿಸುತ್ತಿದ್ದೆ.

ಒಂದು ವಾರದಿಂದ ಫೈಲನ್ನು ಕೂಡಿಸಲು ಒದ್ದಾಡುತ್ತಿದ್ದೇನೆ. ಹನ್ನೊಂದು ನಿಮಿಷ ಸಿಕ್ಕಿದೆ. ಅದರಲ್ಲಿ ಡೊಳ್ಳು ಇದೆ, ಅತ್ತೆ ಇಲ್ಲ.

ಮನೆಯ ಮಗಳು ಎಂದಿರಿ. ಬಿ.ಎಡ್. ಬಿಟ್ಟು ರೆಕಾರ್ಡಿಂಗ್ ಕೋಣೆ ತೆರೆದಾಗ "ಹಾಡಿನ ಕಿರಾಣಿ ಅಂಗಡಿ" ಎಂದವರೂ ನೀವೇ. ಆರು ವರ್ಷವಾಯಿತು. ಹಿರೇಕೊಟ್ನೆಕಲ್ಲಿನ ಭಜನೆಯವರು ಬಂದಿದ್ದಾರೆ, ಎಲ್ಲೆಲ್ಲಿಂದಲೋ ಬಂದಿದ್ದಾರೆ. ಬಸ್ ನಿಲ್ದಾಣದಿಂದ ಎಂಟು ನಿಮಿಷದ ದಾರಿ ನಿಮಗೆ ಮಾತ್ರ ದೂರವಾಯಿತು. ಇರಲಿ.

ನಿಮ್ಮ ಮಗಳು,
ಪ್ರಿಯದರ್ಶಿನಿ


ರಾಯಚೂರು
9 ಫೆಬ್ರವರಿ 2025

ಪ್ರಿಯದರ್ಶಿನಿ,

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತೀನ್ ಕಂದೀಲ್ ಹತ್ತಿರದ ಆಸಿಫ್‌ನ ಅಂಗಡಿಗೆ ಹೋದೆ. ನನ್ನ ಹಳೆಯ ವಿದ್ಯಾರ್ಥಿ. ಮೈಕ್ ಸೆಟ್ಟು, ಆಂಪ್ಲಿಫಯರ್ ರಿಪೇರಿಯಲ್ಲಿ ಈ ಊರಿನಲ್ಲಿ ಅವನನ್ನು ಮೀರಿಸಿದವರಿಲ್ಲ. ಪೆಟ್ಟಿಗೆಯದೇ ದೋಷ ಎಂದು ಅವನ ಕೈಯಲ್ಲಿ ಬರೆಸಿ ನಿನಗೆ ಕಳಿಸಬೇಕೆಂದಿದ್ದೆ.

"ಆಸಿಫ್, ಈ ಪೆಟ್ಟಿಗಿ ಖರಾಬು ಅಂತ ಒಂದು ಚೀಟಿ ಬರದುಕೊಡು" ಎಂದೆ.

"ನೋಡದನ ಹ್ಯಾಂಗ ಬರದುಕೊಡ್ಲಿ ಮಾಸ್ತರ್ ಸಾಬ್? ನೀವು ನಾ ಪರೀಕ್ಷಾ ಬರದಮ್ಯಾಲೆನೂ ಎರಡು ಸಲ ಫೇಲ್ ಮಾಡಿದ್ರಿ."

ನಿನ್ನ ಕಾಗದವನ್ನೇ ಓದಲು ಕೊಟ್ಟೆ. ಕನ್ನಡಕ ಹಣೆಗೇರಿಸಿ ಎರಡು ಸಲ ಓದಿದ. "ಹುಡುಗಿ ಶಾಣ್ಯಾ ಅದಾಳ್ರೀ. ನನ್ನ ಅಂಗಡಿಗೆ ಬಂದ್ರ ನಾಳೆನೇ ಕೆಲಸ ಕೊಡ್ತೀನಿ" ಎಂದ.

"ಅದು ಬಿಡು. ಪೆಟ್ಟಿಗಿ ತಾನಾಗೇ ಬಂದ್ ಆಗಿರಬೇಕು."

"ತಾನಾಗೇ ಬಂದ್ ಆಗಿ, ಮೂವತ್ತೊಂಬತ್ತು ನಿಮಿಷ ಬಿಟ್ಟು ತಾನಾಗೇ ಚಾಲೂ ಆಗಾಕ ಅದೇನು ನಮ್ಮೂರ ನಳದ ನೀರೇನ್ರೀ? ಕರೆಂಟು ಹೋಗಿಲ್ಲ. ವಯರು ಯಾರೂ ಕಿತ್ತಿಲ್ಲ. ಯಾರೋ ಕೈಲೆ ಬಂದ್ ಮಾಡ್ಯಾರ, ಊಟ ಮಾಡಿ ಬಂದು ಕೈಲೆ ಚಾಲೂ ಮಾಡ್ಯಾರ. ಊಟದ ಹೊತ್ತಿಗೆ ಅದರ ಹತ್ರ ಯಾರು ಇದ್ರು, ನೆನಪು ಮಾಡ್ರಿ."

ಅಷ್ಟರಲ್ಲಿ ಚಹಾ ಬಂತು. ನಾನು ಕುಡಿಯದೆ ಎದ್ದು ಬಂದೆ.

ಬೆಳಿಗ್ಗೆಯಿಂದ ಒಂದೇ ಯೋಚನೆ. 12:52 ಎಂದು ಬರೆದ ಮೇಲೆ, ಅಡುಗೆಮನೆಯಲ್ಲಿದ್ದೆ ಎಂದು ಬರೆದ ಮೇಲೆ ನೀನು ನಿಲ್ಲಿಸಿಬಿಟ್ಟೆಯಲ್ಲ. ನಿನಗೆ ಗೊತ್ತಿತ್ತೇ?

ಕನಕರಾಯ


ಮಾನ್ವಿ
14 ಫೆಬ್ರವರಿ 2025

ಕಾಕಾ,

ಗೊತ್ತಿತ್ತು. ತಾಟು ಇಡುತ್ತಾ ಬಾಗಿಲಿನಿಂದ ನೋಡಿದ್ದೆ. ನೀವು ಟವೆಲ್ಲು ಹೆಗಲಿಗೆ ಹಾಕಿಕೊಂಡು, ಡೊಳ್ಳಿನ ಪಕ್ಕದಲ್ಲಿ ಬಗ್ಗಿ, ಪೆಟ್ಟಿಗೆಯ ಹಿಂದೆ ಕೈ ಇಟ್ಟಿರಿ. ಧೂಳು ಒರೆಸುತ್ತಿದ್ದೀರಿ ಎಂದುಕೊಂಡೆ. ಗಂಟೆ ನಿಮಿಷ ನೋಡಿದ ಮೇಲೆಯೇ ಅರ್ಥವಾದದ್ದು.

ಹೇಳಲಿಲ್ಲ, ಏಕೆಂದರೆ ನನ್ನ ತಪ್ಪೂ ಅದರಲ್ಲಿದೆ. ಅತ್ತೆ ಯಾವಾಗ ಹಾಡು ಎತ್ತಿಕೊಳ್ಳುತ್ತಾರೋ ತಿಳಿಯದೆಂದು ರೆಕಾರ್ಡಿಂಗ್ ನಿಲ್ಲಿಸದೆ ಒಳಗೆ ಹೋದವಳು ನಾನು. ಅಲ್ಲಿಯ ತನಕದ್ದನ್ನು ಸೇವ್ ಮಾಡಿರಲಿಲ್ಲ. "ಇದನ್ನು ಯಾರೂ ಮುಟ್ಟಬೇಡಿ" ಎನ್ನಲಿಲ್ಲ. ನಮ್ಮ ಮನೆಯ ಕಟ್ಟಳೆ ನನಗೂ ಗೊತ್ತು. ಡೊಳ್ಳು ಮಲಗಿದ ಮೇಲೂ ಕೆಂಪು ದೀಪ ಉರಿಸಿಕೊಂಡು ಕುಳಿತ ಪೆಟ್ಟಿಗೆ ನಿಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಮೊದಲೇ ಹೊಳೆಯಬೇಕಿತ್ತು. ದುರುಗಮ್ಮನ ಮೊಮ್ಮಗಳಿಗೆ ಹೊಳೆಯದಿದ್ದರೆ ಇನ್ಯಾರಿಗೆ ಹೊಳೆಯಬೇಕು?

ನೀವು ಕೇಳದಿದ್ದರೂ ಬರೆಯುತ್ತೇನೆ. ಪೆಟ್ಟಿಗೆಯನ್ನು ಕೆಲಸದ ನಡುವೆ ಬಂದ್ ಮಾಡಬಾರದೆಂದೇನಿಲ್ಲ. ಅದಕ್ಕೊಂದು ಕ್ರಮವಿದೆ, ಅಷ್ಟೆ. ರೆಕಾರ್ಡಿಂಗ್ ನಿಲ್ಲಿಸಿ ಸೇವ್ ಮಾಡಬೇಕು. ಆಮೇಲೆ ಸಾಫ್ಟ್‌ವೇರ್ ಪೆಟ್ಟಿಗೆಯ ಕೈ ಬಿಡುವಂತೆ ಮಾಡಬೇಕು. ಸೆಟ್ಟಿಂಗಿನಲ್ಲಿ ಪೆಟ್ಟಿಗೆಯ ಹೆಸರು ತೆಗೆದು 'ಯಾವುದೂ ಇಲ್ಲ' ಎಂದು ಆರಿಸಿದರೆ ಸಾಕು, ಇಲ್ಲವೇ ಸಾಫ್ಟ್‌ವೇರನ್ನೇ ಮುಚ್ಚಬೇಕು. ಸ್ಪೀಕರ್ ಇದ್ದರೆ ಅದನ್ನು ಬಂದ್ ಮಾಡಿ, ಕೊನೆಗೆ ಪೆಟ್ಟಿಗೆ. ಎಬ್ಬಿಸುವಾಗ ಮೊದಲು ಪೆಟ್ಟಿಗೆ. ಅದರ ದೀಪ ಮಿನುಗುವುದು ನಿಂತು ಸ್ಥಿರವಾಗುವ ತನಕ ಕಾಯಬೇಕು. ಆಮೇಲೆ ಸಾಫ್ಟ್‌ವೇರಿಗೆ ಅದರ ಹೆಸರು ತೋರಿಸಬೇಕು. ಸ್ಪೀಕರ್ ಎಲ್ಲಕ್ಕಿಂತ ಕೊನೆಗೆ. ಇಷ್ಟು ಮಾಡಿದರೆ ದಿನಕ್ಕೆ ಹತ್ತು ಸಲ ಮಲಗಿಸಿದರೂ ಕಂಪ್ಯೂಟರ್ ಬೀಳುವುದಿಲ್ಲ.

ನನಗೆ ಹೇಳಿದ್ದು ಸಾಕು, ಕಾಕಾ. ಕೇಳಬೇಕಾದವರು ದೇವದುರ್ಗದಲ್ಲಿದ್ದಾರೆ. ದೇವರು ಒಲ್ಲೆ ಎಂದ ಎಂದು ಅವರು ನಂಬಿರುವ ತನಕ ಬಾಯಿ ತೆರೆಯುವುದಿಲ್ಲ. ನಾನು ಹೇಳಿದರೆ ನಿಮ್ಮ ಮೇಲೆ ಚಾಡಿ ಹೇಳಿದಂತಾಗುತ್ತದೆ.

ಪ್ರಿಯದರ್ಶಿನಿ


ರಾಯಚೂರು
24 ಫೆಬ್ರವರಿ 2025

ಮಗಳೇ,

ಹತ್ತು ದಿನ ತೆಗೆದುಕೊಂಡೆ. ಅದರಲ್ಲಿ ಒಂಬತ್ತು ದಿನ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಕರಡು ತಿದ್ದುವುದರಲ್ಲಿ ಹೋಯಿತು. ನಿನ್ನೆ ದೇವದುರ್ಗದ ಬಸ್ಸು ಹತ್ತಿದೆ.

ಅಕ್ಕ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ತಿದ್ದಿದ ಕರಡೆಲ್ಲ ಮರೆತುಹೋಯಿತು. "ಅಕ್ಕಾ, ದೇವರು ಒಲ್ಲೆ ಅಂದಿಲ್ಲ. ಪೆಟ್ಟಿಗಿ ಬಂದ್ ಮಾಡಿದಾಂವ ನಾನು" ಎಂದುಬಿಟ್ಟೆ.

ಮೊರ ನಿಂತಿತು. "ಯಾವಾಗ?"

"ನೀ ಊಟಕ್ಕ ಎದ್ದಾಗ. ಡೊಳ್ಳು ಮಲಗಿತ್ತು, ಅದು ಎಚ್ಚರಿತ್ತು. ದೀಪ ಉರೀತಿತ್ತು. ಅದನ್ನೂ ಮಲಗಿಸಿದೆ."

"ಹುಡುಗೀನ ಕೇಳಿದೇನು?"

"ಇಲ್ಲ."

ಮೊರ ಕೆಳಗಿಟ್ಟಳು. ಆಮೇಲೆ ಹೇಳಿದಳು: "ಒಂದೂವರಿ ತಿಂಗಳು ಆತು ಕನಕಾ. ದಿನಾ ದೀಪ ಹಚ್ಚಿ ನಿಂತು ಕೇಳೀನಿ, ಎಲ್ಲಿ ತಪ್ಪಿದೆ ಸ್ವಾಮಿ, ಯಾವ ಸಂದಿನ್ಯಾಗ ತಪ್ಪಿದೆ ಅಂತ. ಅವ್ವ ಕಲಿಸಿದ್ದರಾಗ ನಾನs ಏನರ ಕೆಡಿಸಿದೆನೇನೋ ಅಂತ ಅನ್ನ ಸೇರಲಿಲ್ಲ. ನೀ ರಾಯಚೂರಾಗ ಕುಂತು ಪೇಪರಿಗೆ ಬರೀತಿದ್ದಿ."

ಮಗಳೇ, ನಲವತ್ತು ವರ್ಷದಿಂದ ಪತ್ರಿಕೆಗಳಿಗೆ ಬರೆಯುತ್ತಿದ್ದೇನೆ. ಯಾರ ಮಾತೂ ನನ್ನನ್ನು ಹಾಗೆ ನೆಲಕ್ಕೆ ಕೂಡಿಸಿರಲಿಲ್ಲ.

ಅಷ್ಟರಲ್ಲಿ ಅಮೋಘಸಿದ್ದ ಹೊರಗೆ ಬಂದ. ಅವನಿಗೆ ನಿನ್ನ ಕಾಗದ ಓದಿ ಹೇಳಿದೆ. ಕ್ರಮದ ಭಾಗವನ್ನು ಅಕ್ಕ ಮತ್ತೊಮ್ಮೆ ಓದಿಸಿದಳು. ಓದಿ ಮುಗಿಯುವಷ್ಟರಲ್ಲಿ ಅವಳ ಮುಖ ಬದಲಾಗಿತ್ತು.

"ಇದು ನಮ್ಮ ಕಟ್ಟಳೀನs ಅಲ್ಲೇನೋ!" ಎಂದಳು. "ಡೊಳ್ಳು ಮಲಗಿಸಬೇಕಂದ್ರ ಬಾರಿಸಾಂವ ಮದಲ ಕೋಲು ಕೆಳಗ ಇಡಬೇಕು, ಹೆಗಲಿನ ಪಟ್ಟಿ ಬಿಚ್ಚಬೇಕು. ಆಮ್ಯಾಲೆ ಡೊಳ್ಳು. ಬಾರಿಸಾಕತ್ತಾಂವನ ಹೆಗಲಿಂದ ಡೊಳ್ಳು ಜಗ್ಗಿದ್ರ ಏನಾಗ್ತದ?"

"ಮಾರಿ ಕೆಳಗಾಗಿ ಬೀಳ್ತೀನಿ" ಎಂದ ಅಮೋಘಸಿದ್ದ. "ಮಾವ ಮಾಸ್ತರಕಿ ಮಾಡ್ಯಾನ, ಡೊಳ್ಳು ಹೊತ್ತಿಲ್ಲ. ಅವಗ ಹ್ಯಾಂಗ ಗೊತ್ತಾಗಬೇಕು ಬಿಡಬೇ."

"ಅದೂ ಖರೇನ. ಮಲಗಿಸಿದ್ದು ತಪ್ಪಲ್ಲ ಕನಕಾ. ಕೋಲು ಇಡಸದನ ಮಲಗಿಸಿದ್ದು ತಪ್ಪು." ಹಾಗೆಂದು ಅಕ್ಕ ಮೊರ ಎತ್ತಿಕೊಂಡಳು. "ಶಿವರಾತ್ರಿ ಆದಮ್ಯಾಲೆ ಹುಡುಗೀಗೆ ಬಾ ಅನ್ನು. ಮದಲಿಂದನs ಹಾಡ್ತೀನಿ. ನೀ ಬರಬ್ಯಾಡ. ನೀ ಇದ್ರ ಎಲ್ಲಾದಕ್ಕೂ ಕೈ ಹಚ್ಚತಿ."

ಹೀಗೆ ನನ್ನನ್ನು ಹೊರಗಿಟ್ಟು ಹಾಡು ಒಳಗೆ ಬಂತು. ಸಂತೋಷದಿಂದ ಒಪ್ಪಿಕೊಂಡೆ.

ಸುತ್ತುಬಳಸಾದರೂ ಸರಿ ಎಂದು ಮಾನ್ವಿಯ ಮೇಲೆ ಬಂದೆ. ಬಸ್ ನಿಲ್ದಾಣದಿಂದ ಎಂಟು ನಿಮಿಷ ಎಂದು ನೀನು ಬರೆದಿದ್ದೆ, ನನ್ನ ಮೊಣಕಾಲಿಗೆ ಹದಿನಾಲ್ಕು ಹಿಡಿಯಿತು. ನಿನ್ನ ಬಾಗಿಲಿಗೆ ಬೀಗವಿತ್ತು. ಬೋರ್ಡು ಓದಿದೆ. 'ದುರುಗಮ್ಮ ಧ್ವನಿಮನೆ'. ಆರು ವರ್ಷದಿಂದ ನನ್ನ ತಾಯಿಯ ಹೆಸರು ಮಾನ್ವಿಯ ಬೀದಿಯಲ್ಲಿ ಅಷ್ಟು ದೊಡ್ಡ ಅಕ್ಷರಗಳಲ್ಲಿ ನಿಂತಿದೆ, ಮತ್ತು ನನಗದು ಗೊತ್ತಿರಲಿಲ್ಲ. ನೀನೂ ಹೇಳಲಿಲ್ಲ. ಎದುರಿನ ಅಂಗಡಿಯವನು "ಯಾರು ಬೇಕಾಗಿತ್ರೀ?" ಎಂದ. "ಬೋರ್ಡಿನ ಮ್ಯಾಲೆ ಯಾರ ಹೆಸರು ಅದನೋ, ಅಕಿ ಮಗ ನಾ" ಎಂದೆ.

ಪತ್ರಿಕೆಗೆ ತಿದ್ದುಪಡಿ ಕಳಿಸಿದ್ದೇನೆ. "ಹಾಡು ನುಂಗಿದ್ದು ಕರೆಂಟಲ್ಲ, ಕೆಳಗೆ ಸಹಿ ಮಾಡಿರುವವನು" ಎಂದು.

ಕನಕರಾಯ ಕಾಕಾ


ದೇವದುರ್ಗ
3 ಮಾರ್ಚ್ 2025

ಕಾಕಾ,

ಮುಗಿಯಿತು. ಹನ್ನೊಂದೂ ಸಂದು. ಶನಿವಾರ ಐದು, ಭಾನುವಾರ ಆರು. ಮೂರು ಬೇರೆ ಬೇರೆ ಕಡೆ ನಕಲು ಇಟ್ಟಿದ್ದೇನೆ. ಒಂದು ನಿಮ್ಮ ಹೆಸರಿಗೆ ಕಳಿಸುತ್ತಿದ್ದೇನೆ. ಇದಕ್ಕಾಗಿ ನೀವು ಯಾರಿಗೂ ಹದಿಮೂರು ಪತ್ರ ಬರೆಯಬೇಕಾಗಿಲ್ಲ.

ಪ್ರತಿ ಸಲ ಏಳುವ ಮುಂಚೆ ಅತ್ತೆ ನನ್ನ ಕಡೆ ತಿರುಗಿ "ಕೋಲು ಇಟ್ಟೇನು?" ಎಂದು ಕೇಳುತ್ತಿದ್ದರು. ನಾನು ರೆಕಾರ್ಡಿಂಗ್ ನಿಲ್ಲಿಸಿ, ಸೇವ್ ಮಾಡಿ, ಪೆಟ್ಟಿಗೆಯ ಕೈ ಬಿಡಿಸಿ, "ಇಟ್ಟೆ ಅತ್ತಿ" ಎನ್ನಬೇಕು. ಆಮೇಲೆಯೇ ಅಮೋಘಸಿದ್ದ ಭಾವ ಡೊಳ್ಳನ್ನು ಮಲಗಿಸುವುದು, ನಾನು ಪೆಟ್ಟಿಗೆಯನ್ನು. ಭಾವನಿಗೆ ನಗು ತಡೆಯಲಾಗಲಿಲ್ಲ. "ನಲವತ್ತು ವರ್ಷ ನಾನೊಬ್ಬನs ಈ ಬೈಗಳ ತಿಂತಿದ್ದೆ, ಈಗ ಜೋಡಿ ಸಿಕ್ತು" ಎಂದರು. ಮತ್ತೆ ಎಬ್ಬಿಸುವಾಗ ದೀಪ ಸ್ಥಿರವಾಗುವ ತನಕ ಅತ್ತೆ ದನಿ ತೆಗೆಯಲಿಲ್ಲ. "ಕಣ್ಣು ತಿಕ್ಕಾಕತ್ತದ, ತಡಿ" ಎನ್ನುತ್ತಿದ್ದರು. ಎರಡು ದಿನದಲ್ಲಿ ಏಳು ಸಲ ಮಲಗಿಸಿ ಎಬ್ಬಿಸಿದೆ. ಕಂಪ್ಯೂಟರ್ ಒಂದು ಸಲವೂ ಅಲುಗಲಿಲ್ಲ.

ಇನ್ನೊಂದು ಕೇಳಿ. ಭಾನುವಾರ ಎಂಟನೆಯ ಸಂದಿನಲ್ಲಿ ಕರೆಂಟು ನಿಜವಾಗಿಯೂ ಹೋಯಿತು! ಮನಸ್ಸಿನಲ್ಲೇ ನಿಮ್ಮ ತಲೆಬರಹ ನೆನೆಸಿಕೊಂಡೆ. ಈ ಸಲ ಪೆಟ್ಟಿಗೆಯನ್ನು ಯುಪಿಎಸ್‌ಗೆ ಹಾಕಿದ್ದೆ, ಅದು ಎಚ್ಚರವಾಗಿಯೇ ಇತ್ತು. ಫ್ಯಾನು ನಿಂತು ಕೋಣೆ ಇನ್ನೂ ನಿಶ್ಶಬ್ದವಾಯಿತು. ಬೆವರು ಹಣೆಯಿಂದ ಇಳಿಯುತ್ತಿದ್ದರೂ ಅತ್ತೆ ಕಣ್ಣು ತೆರೆಯಲಿಲ್ಲ. ಕಾಕಾ, ಇಡೀ ಹಾಡಿನಲ್ಲಿ ಆ ಸಂದಿನಷ್ಟು ಚೆನ್ನಾಗಿ ಬಂದದ್ದು ಬೇರೆ ಇಲ್ಲ. ಆರು ವರ್ಷದಲ್ಲಿ ನಾನು ಹಿಡಿದ ದನಿಗಳಲ್ಲೇ ಅಂಥದ್ದಿಲ್ಲ.

ನಿಮ್ಮ ಹೆಮ್ಮೆಯನ್ನು ಕಡ ಕೇಳದೆ, ನನ್ನದೇ ಹೆಮ್ಮೆಯಿಂದ,
ಪ್ರಿಯದರ್ಶಿನಿ


ದೇವದುರ್ಗ
8 ಮಾರ್ಚ್ 2025

ತಮ್ಮ ಕನಕಗ,

ಅಮೋಘಸಿದ್ದನ ಕೈಲೆ ಬರಸಾಕತ್ತೀನಿ. ನಾ ಹೇಳಿದ್ದು ಹೇಳಿದಂಗ ಬರಿ, ಶಾಣ್ಯಾತನ ಮಾಡಬ್ಯಾಡ ಅಂತ ಅವಗ ಮದಲs ಹೇಳೀನಿ. ಇದನ್ನ ಹುಡುಗೀಗೂ ಓದಿ ಹೇಳು.

ಅಕಿ ಕಳಿಸಿದ್ದು ಮದಲಿಂದ ಕಡೀತನಕ ಕೇಳಿದೆ. ಮನ್ಯಾಗ ಎಲ್ಲಾರ್ನೂ ಕುಂಡ್ರಿಸಿಕೊಂಡು ಕೇಳಿದೆ. ಮದಲನೇ ಸಂದಿನ್ಯಾಗ ಏನೋ ಹಾಕ್ಯಾಳ, ನನ್ನ ದನಿ ಬಾವ್ಯಾಗಿಂದ ಬಂದಂಗ ಕೇಳತದ. ನಾ ಬಾವ್ಯಾಗ ಕುಂತು ಹಾಡಿಲ್ಲ. ತೆಗಿ ಅನ್ನು. ಉಳದದ್ದು ಎಲ್ಲಾ ಬರೋಬ್ಬರಿ ಅದ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮಿಲ್ಲ. ನಮ್ಮ ಹುಡುಗಿ ಕಲ್ತಾಳ. ಯಾರರ ಏನರ ಅಂದ್ರ ನನ್ನ ಕಡೆ ಕಳಿಸು.

ನಿನಗ ಒಂದು ಹೇಳಿಲ್ಲ, ಯಾರಿಗೂ ಹೇಳಿಲ್ಲ. ಅವ್ವ ಹೋದ ದಿನದಿಂದ, ಮೂವತ್ತೊಂದು ವರ್ಷ ಆತು, ದಿನಾ ಕೋಳಿ ಕೂಗೂಕಿಂತ ಮದಲ ಎದ್ದು ಹಾಸಿಗಿ ಮ್ಯಾಲೆ ಕುಂತು ಒಂದೊಂದು ಸಂದು ಬಾಯಾಗs ಹೇಳಿಕೊಳ್ತಿದ್ದೆ. ಜ್ವರ ಬಂದ್ರೂ ಬಿಟ್ಟಿಲ್ಲ. ನನ್ನ ಯಜಮಾನ ಸತ್ತ ಮರುದಿನಾನೂ ಬಿಟ್ಟಿಲ್ಲ. ಒಂದು ದಿನ ಬಿಟ್ರ ಒಂದು ಮಾತು ಹೋಗ್ತದ, ಹೋದ ಮಾತು ಕೇಳಾಕ ಇನ್ನ ಯಾರೂ ಇಲ್ಲ ಅಂತ ಅಂಜಿಕಿ.

ನಿನ್ನೆ ಎಲ್ಲಾ ಕೇಳಿ ಮುಗಿಸಿ ಮಲಗಿದೆ. ಇವತ್ತು ಎಚ್ಚರ ಆದಾಗ ಹೊತ್ತು ಮಾಳಿಗಿ ಮ್ಯಾಲೆ ಬಂದಿತ್ತು. ಸೊಸಿ ಅಂಜಿ, ಉಸುರು ಅದನೋ ಇಲ್ಲೋ ಅಂತ ಮೂಗಿನ ಮುಂದ ಬಟ್ಟು ಹಿಡದು ನೋಡಾಕತ್ತಿದ್ಲು. "ಏನಾತವ್ವಾ ಅತ್ತಿ?" ಅಂದ್ಲು. "ಏನೂ ಆಗಿಲ್ಲ, ನಿದ್ದಿ ಬಂದಿತ್ತು" ಅಂದೆ.

ದುರುಗಮ್ಮನ ಮಗಳು,
ಕರೆಮ್ಮ